ನಲವತ್ತು ಲಕ್ಷ ಜನ ನೋಡಿದ ಗೋಲು

ಶಿವಬಸಪ್ಪನ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದಂತೆ. ಮೂಗಿನ ತುದಿಗೆ ಬರುವ ತನಕವೂ ಅದಕ್ಕೆ ತಾಳ್ಮೆ ಇರಲಿಲ್ಲ. ಗೋಕಾಕದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಪಿ.ಟಿ. ಮಾಸ್ತರನಾಗಿದ್ದವನು, ಬೆಳಗಾವಿ ಜಿಲ್ಲಾ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಆಡಿದವನು. ಅಂಥವನು ಹೆಂಡತಿ ಸ್ವಪ್ನಾಳ ನೌಕರಿಯ ಬೆನ್ನು ಹತ್ತಿ ಅಮೆರಿಕಕ್ಕೆ ಬಂದು, ಸಿಯಾಟಲ್ ಪಕ್ಕದ ಕೆನ್ಮೋರ್ ಎಂಬ ಸಣ್ಣ ಊರಿನಲ್ಲಿ ಮನೆ ಮಾಡಿದ. ಅವಳು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ರೆಡ್ಮಂಡ್‌ಗೆ ಹೋದರೆ ಇವನು ಕೆರೆಯ ಮೇಲಿಂದ ಏಳುವ ಪುಟ್ಟ ವಿಮಾನಗಳನ್ನು ಎಣಿಸುತ್ತ ಕೂರುತ್ತಿದ್ದ. ಕೆಲಸ ಮಾಡುವ ಪರವಾನಗಿ ಸಿಕ್ಕ ಮೇಲೆ ಪಾರ್ಕಿನ ಫುಟ್‌ಬಾಲ್ ಮೈದಾನಕ್ಕೆ ಹುಲ್ಲು ಕತ್ತರಿಸಿ ಬಿಳಿ ಗೆರೆ ಹಾಕುವ ಕೆಲಸ ಹಿಡಿದ. ಅದು ಅವನಿಗೆ ಹಿಡಿಸಿತು. ಮೈದಾನ ಅಂದರೆ ಮೈದಾನ, ಗೋಕಾಕದ್ದಾದರೇನು ಕೆನ್ಮೋರಿನದಾದರೇನು.

ಹಿಡಿಸದೆ ಇದ್ದದ್ದು ಮಂದಿಗೆ. ಸರೋವರ ಕನ್ನಡ ಕೂಟದ ಹಬ್ಬಗಳಲ್ಲಿ ಗಂಡಸರು ಕೈಯಲ್ಲಿ ತಟ್ಟೆ ಹಿಡಿದು ನಿಂತರೆ ಮೊದಲು ಕೇಳುವುದು ಒಂದೇ ಮಾತು: ಯಾವ ಕಂಪನಿ? "ನಾನು ಮೈದಾನಕ್ಕ ಗೆರೆ ಹಾಕ್ತೀನ್ರಿ" ಅಂದರೆ ಎದುರಿನವನ ಮುಖದ ಮೇಲೆ ನಗೆ ಬಂದಲ್ಲೇ ಒಣಗುತ್ತಿತ್ತು. ಕೂಟದ ಅಧ್ಯಕ್ಷ ಪ್ರಶಾಂತ ಬೆಲ್ವ್ಯೂನ ಮೂವತ್ತನೇ ಮಹಡಿಯಲ್ಲಿ ಕೂತು ಕೆಲಸ ಮಾಡುವವನು, ಬೆಂಗಳೂರಿನವನು. ಆತ ಹೆಗಲ ಮೇಲೆ ಕೈ ಹಾಕಿ, "ಓ, ಔಟ್‌ಡೋರ್ ಜಾಬ್! ಸೂಪರ್ ಮಾಸ್ತರ್. ನಮಗೆಲ್ಲ ಆ ಲಕ್ ಇಲ್ಲ ಬಿಡಿ" ಅಂದ ದಿನ ಸುತ್ತ ನಿಂತ ಏಳೆಂಟು ಜನ ನಕ್ಕರು. ಶಿವಬಸಪ್ಪ ತಟ್ಟೆ ಕೆಳಗಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕೂತ. ಸ್ವಪ್ನಾ ಊಟ ಬಿಟ್ಟು ಬಂದಳು. "ಅವ ಚೇಷ್ಟಿ ಮಾಡ್ಯಾನ್ರಿ, ಅಷ್ಟಕ್ಕ ಸಿಟ್ಟಾದ್ರ ಹೆಂಗ?" ಅಂದಳು. "ಚೇಷ್ಟಿ ಅಲ್ಲ ಅದು, ಅಳತಿ. ನನ್ನ ಅಳತಿ ತೊಗೊಂಡ ಅವ" ಅಂದ.

ಹೀಗಿರುವಾಗ ಎರಡು ಸಾವಿರದ ಹದಿಮೂರರ ವಸಂತದಲ್ಲಿ ಅವನಿಗೆ ಯಾಸುಮುರಾ ಸಿಕ್ಕ.

ಸಿಕ್ಕದ್ದೂ ಜಗಳದಿಂದಲೇ. ಶಿವಬಸಪ್ಪ ಬಣ್ಣದ ಗಾಡಿ ತಳ್ಳುತ್ತ ಪೆನಾಲ್ಟಿ ಚುಕ್ಕೆ ಇಟ್ಟು ಬೆನ್ನು ನೇರ ಮಾಡಿದರೆ, ದೂರದ ಬದಿಗೆರೆಯ ಆಚೆ ನಿಂತಿದ್ದ ಜಪಾನಿನವನೊಬ್ಬ ಹತ್ತಿರ ಬಂದ. ಐವತ್ತೈದು ದಾಟಿದ ತೆಳ್ಳನೆ ಆಳು. "ಕ್ಷಮಿಸಿ, ಆ ಚುಕ್ಕೆ ಸ್ವಲ್ಪ ಹತ್ತಿರ ಆಗಿದೆ" ಅಂದ. ಇಬ್ಬರದೂ ಕುಂಟು ಇಂಗ್ಲಿಷು, ಆದರೂ ಅರ್ಥವಾಯಿತು. ಶಿವಬಸಪ್ಪ ರೇಗಿದ. ಇಪ್ಪತ್ತು ವರ್ಷ ಗೆರೆ ಹಾಕಿದ ಕೈ ಇದು, ನನಗೆ ಕಲಿಸಬೇಡಿ ಅಂದ. ಟೇಪು ತಂದು ಅವನೆದುರಿಗೇ ಅಳೆದ. ಒಂಬತ್ತು ಇಂಚು ಕಡಿಮೆ ಇತ್ತು. ನಲವತ್ತು ಗಜ ದೂರದಲ್ಲಿ ನಿಂತು, ಬರಿಗಣ್ಣಿನಲ್ಲಿ ನೋಡಿ ಒಂಬತ್ತು ಇಂಚು ಹಿಡಿದಿದ್ದ ಆ ಮನುಷ್ಯ!

"ನೀವು ಆಡಿದವರು" ಎಂದು ಶಿವಬಸಪ್ಪ ಅಂದ.

"ಬಹಳ ಹಿಂದೆ, ಸ್ವಲ್ಪ" ಎಂದು ಅವನು ತಲೆ ತಗ್ಗಿಸಿದ.

ಅಂದಿನಿಂದ ವಾರಕ್ಕೆ ಮೂರು ದಿನ, ಹತ್ತು ಗಂಟೆಗೆ ಸರಿಯಾಗಿ, ಯಾಸುಮುರಾ ಮೈದಾನದ ಬೆಂಚಿಗೆ ಬರತೊಡಗಿದ. ಹೆಂಡತಿ ತೀರಿಹೋಗಿದ್ದಳಂತೆ. ಇಲ್ಲಿ ನರ್ಸ್ ಆಗಿದ್ದ ಮಗಳು ಸಾಯೊಳ ಮನೆಯಲ್ಲಿದ್ದ. ಅವನು ಫ್ಲಾಸ್ಕಿನಲ್ಲಿ ಹಸಿರು ಚಹಾ ತರುತ್ತಿದ್ದ; ಶಿವಬಸಪ್ಪ ಜೋಳದ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತರುತ್ತಿದ್ದ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೂ ಎರಡನೇ ರೊಟ್ಟಿಗೆ ಕೈ ಚಾಚುತ್ತಿದ್ದ. ಮಾತು ಕಡಿಮೆ. ಶನಿವಾರ ಮಕ್ಕಳ ಪಂದ್ಯ ಇದ್ದರೆ ಇಬ್ಬರೂ ಕೂತು ನೋಡುತ್ತಿದ್ದರು. ಶಿವಬಸಪ್ಪ ಎದ್ದು ನಿಂತು, "ಲೇ, ಎಡಗಡೆ ಕೊಡೊ! ಕಣ್ಣ ಕಾಣಂಗಿಲ್ಲೇನು!" ಎಂದು ಕನ್ನಡದಲ್ಲೇ ಒದರಿದರೆ ಯಾಸುಮುರಾ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿ ನಗುತ್ತಿದ್ದ. ಬೇರೆ ಯಾರೂ ಇವನ ಸಿಟ್ಟಿಗೆ ಹಾಗೆ ನಕ್ಕಿರಲಿಲ್ಲ. ಉಳಿದವರು ಹೆದರುತ್ತಿದ್ದರು, ಇಲ್ಲವೇ ಅಸಹ್ಯಪಡುತ್ತಿದ್ದರು. ಒಂದೇ ಒಂದು ವಿಷಯ ಶಿವಬಸಪ್ಪನಿಗೆ ಸೋಜಿಗವಾಗಿತ್ತು. ಚೆಂಡು ಉರುಳಿ ಬೆಂಚಿನ ಹತ್ತಿರ ಬಂದರೆ ಯಾಸುಮುರಾ ಅದನ್ನು ಒದೆಯುತ್ತಿರಲಿಲ್ಲ. ಬಗ್ಗಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಮೊಣಕಾಲು ನೋವು ಇರಬೇಕು ಅಂದುಕೊಂಡು ಶಿವಬಸಪ್ಪ ಸುಮ್ಮನಾಗಿದ್ದ.

ಎರಡೂವರೆ ವರ್ಷ ಹೀಗೆ ಹೋಯಿತು. ನಲವತ್ತೆಂಟನೇ ವಯಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ ಮನುಷ್ಯನಿಗೆ ಗೆಳೆಯ ಸಿಗುವುದು ಸಣ್ಣ ಮಾತಲ್ಲ. ಶಿವಬಸಪ್ಪ ಅದನ್ನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಹತ್ತು ಗಂಟೆಯಾದರೂ ಬೆಂಚು ಖಾಲಿ ಇದ್ದರೆ ಅವನು ಹಾಕಿದ ಗೆರೆಯನ್ನೇ ಮತ್ತೆ ಹಾಕುತ್ತ ಅಲ್ಲೇ ಸುತ್ತುತ್ತಿದ್ದ.

ಹದಿನೈದರ ಅಕ್ಟೋಬರಿನಲ್ಲಿ ಪಾರ್ಕಿಗೆ ಬಂದಿದ್ದ ಜಪಾನಿನ ಪ್ರವಾಸಿ ಹೆಂಗಸೊಬ್ಬಳು ಯಾಸುಮುರಾನನ್ನು ಕಂಡು ನಿಂತುಬಿಟ್ಟಳು. ಹತ್ತಿರ ಬಂದು ಬಗ್ಗಿದಳು, ಮತ್ತೆ ಬಗ್ಗಿದಳು, ಅತ್ತಳು. ಯಾಸುಮುರಾನ ಮುಖ ಸುಣ್ಣದಂತಾಯಿತು. ಎರಡು ಮಾತಾಡಿ, ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಹೊರಟುಹೋದ. ಹೆಂಗಸು ಶಿವಬಸಪ್ಪನ ಕಡೆ ತಿರುಗಿ, "ನಿಮಗೆ ಗೊತ್ತಿಲ್ಲವೇ? ಜಪಾನಿನಲ್ಲಿ ಇವರು ಗೊತ್ತಿಲ್ಲದ ಮನೆ ಇಲ್ಲ. ಬಹಳ ದೊಡ್ಡ ಆಟಗಾರ" ಎಂದು, ಅವನ ಫೋನು ಇಸಿದುಕೊಂಡು ಹೆಸರನ್ನು ಜಪಾನೀ ಅಕ್ಷರದಲ್ಲಿ ಹೊಡೆದು ಕೊಟ್ಟಳು.

ಫೋನಿನಲ್ಲಿ ಹಳೆಯ ಟೇಪಿನಿಂದ ತೆಗೆದ ಒಂದು ವಿಡಿಯೋ ಇತ್ತು. ಹತ್ತೊಂಬತ್ತು ಸೆಕೆಂಡಿನದು. ಹಳದಿ ಅಂಗಿಯ ಎಳೆಯ ಯಾಸುಮುರಾ ಇಬ್ಬರನ್ನು ತಪ್ಪಿಸಿ, ಮೇಲಿಂದ ಬಿದ್ದ ಚೆಂಡನ್ನು ನೆಲ ಮುಟ್ಟಗೊಡದೆ ಕಾಲು ಚಾಚಿ ಒದೆಯುತ್ತಾನೆ. ಗೋಲ್‌ಕೀಪರ್ ಅವನ ಕಾಲಿಗೇ ಹಾರುತ್ತಾನೆ. ಚೆಂಡು ಬಲೆಯಲ್ಲಿ. ಅಲ್ಲಿಗೆ ಮುಗಿಯುತ್ತದೆ. ಶಿವಬಸಪ್ಪನ ಮೈಮೇಲೆ ರೋಮ ಎದ್ದವು. ಅಂಥ ಗೋಲನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೆಳಗೆ ನೋಡಿದರೆ, ಅದನ್ನು ನಲವತ್ತು ಲಕ್ಷ ಜನ ನೋಡಿದ್ದರು! ಸಾವಿರಾರು ಮಂದಿ ಏನೇನೋ ಬರೆದಿದ್ದರು. ಅಕ್ಷರ ತಿಳಿಯದಿದ್ದರೂ ಚಿತ್ರ ತಿಳಿಯುತ್ತಿತ್ತು: ಮುಗಿದ ಕೈಗಳು, ಸಾಲು ಸಾಲು ಮುಗಿದ ಕೈಗಳು, ನಡುನಡುವೆ ಕಣ್ಣೀರಿನ ಮುಖ. ದೇವರಿಗೆ ಮುಗಿದಂತೆ ಮುಗಿದಾರಲ್ಲ ಎಂದು ಶಿವಬಸಪ್ಪನ ಎದೆ ಉಬ್ಬಿತು.

"ನೋಡ ಸ್ವಪ್ನಾ, ನನ್ನ ಗೆಳ್ಯಾ ಎಂಥಾಂವ ನೋಡ!" ಎಂದು ಹೆಂಡತಿಗೆ ಆರು ಸಲ ತೋರಿಸಿದ.

"ಅಷ್ಟ ದೊಡ್ಡ ಮನಷ್ಯಾ ಒಂದ ಮಾತೂ ಹೇಳಿಲ್ಲಲ್ರಿ ನಿಮಗ" ಅಂದಳು ಸ್ವಪ್ನಾ.

"ದೊಡ್ಡಾವ್ರು ಹಂಗ. ಕೊಡಾ ತುಂಬಿದ್ರ ತುಳಕಂಗಿಲ್ಲ."

ಅದೇ ವಾರ ಕೂಟದಲ್ಲಿ ರಾಜ್ಯೋತ್ಸವದ ತಯಾರಿಯ ಸಭೆ. ಬೆಂಗಳೂರಿನಿಂದ ಬರಬೇಕಾದ ಮುಖ್ಯ ಅತಿಥಿಗೆ ವೀಸಾ ಸಿಕ್ಕಿಲ್ಲ ಎಂದು ಪ್ರಶಾಂತ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೂಲೆಯಲ್ಲಿದ್ದ ಶಿವಬಸಪ್ಪ ಎದ್ದು ನಿಂತ. "ನಾ ಕರಕೊಂಡ ಬರ್ತೀನಿ. ನಲವತ್ತ ಲಕ್ಷ ಮಂದಿ ನೋಡಿದಂಥಾ ಆಟಗಾರ. ನನ್ನ ಜೀವದ ಗೆಳ್ಯಾ" ಅಂದ. ಫೋನು ಕೈಯಿಂದ ಕೈಗೆ ಹೋಯಿತು. ಪ್ರಶಾಂತ ಎರಡು ಸಲ ನೋಡಿದ. "ಮಾಸ್ತರ್, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಮನುಷ್ಯನ್ನ? ಮೈಸೂರು ಪೇಟ, ಶಾಲು, ಗಂಧದ ಹಾರ, ಎಲ್ಲ ನಾನು ಅರೇಂಜ್ ಮಾಡ್ತೀನಿ. ಪರಿಚಯ ಮಾತ್ರ ನೀವೇ ಮಾಡ್ಬೇಕು" ಅಂದ. ಕೂತವರೆಲ್ಲ ಕುರ್ಚಿ ತಿರುಗಿಸಿ ಶಿವಬಸಪ್ಪನನ್ನು ನೋಡಿದರು. ಏಳು ವರ್ಷದಲ್ಲಿ ಮೊದಲ ಸಲ.

ಮರುದಿನ ಬೆಂಚಿನ ಮೇಲೆ ವಿಷಯ ತೆಗೆದ. ಯಾಸುಮುರಾ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, "ಅದು ಸ್ವಲ್ಪ ಕಷ್ಟ" ಅಂದ. ಎರಡು ದಿನ ಬಿಟ್ಟು ಶಿವಬಸಪ್ಪ ಮತ್ತೆ ಕೇಳಿದ. "ನಾನು ಅಷ್ಟು ಯೋಗ್ಯನಲ್ಲ" ಅಂದ.

ಶಿವಬಸಪ್ಪ ಇದನ್ನು ಬೇಡ ಎಂದು ತಿಳಿಯಲೇ ಇಲ್ಲ. ತಿಳಿಯುವುದಾದರೂ ಹೇಗೆ? ಅವನ ಕಡೆ ಉಣ್ಣಲಿಕ್ಕೆ ಕೂತ ಬೀಗರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕೋ ಸಾಕು ಅಂದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವುದೇ ಮರ್ಯಾದೆ. ಸಾಕು ಅಂದ ಕೂಡಲೇ ಸೌಟು ಹಿಂದೆಗೆದುಕೊಂಡರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಸನ್ಮಾನವೂ ಅಷ್ಟೇ. ಮೊದಲ ಸಲಕ್ಕೇ ಹೂಂ ಅನ್ನುವವನು ನಾಚಿಕೆಗೇಡಿ. ಮೂರು ಸಲ ಒತ್ತಾಯ ಮಾಡದೆ ಬಿಡುವವನು ಸಣ್ಣ ಮನಸ್ಸಿನವನು. ಗೋಕಾಕದ ಹೆಡ್ಮಾಸ್ತರು ತಮ್ಮ ಬೀಳ್ಕೊಡುಗೆಗೆ ಐದು ಸಲ ಬೇಡ ಅಂದು, ಆರನೇ ಸಲಕ್ಕೆ ಹೊಸ ಕೋಟು ಹೊಲಿಸಿಕೊಂಡು ಬಂದಿದ್ದರು.

ಮೂರನೇ ಸಲ ಶಿವಬಸಪ್ಪ ಯಾಸುಮುರಾನ ಎರಡೂ ಕೈ ಹಿಡಿದುಕೊಂಡ. "ನನ್ನ ಮಂದಿ ಮುಂದೆ ನನ್ನ ಮಾನ ಉಳಿಸಿ" ಅಂದ. ಯಾಸುಮುರಾ ಮೆಲ್ಲಗೆ ಕೈ ಬಿಡಿಸಿಕೊಂಡ. ಆಮೇಲೆ ಹೇಳಿದ: "ನಿಮ್ಮ ಮನೆಯ ಹಬ್ಬಕ್ಕೆ ಗೆಳೆಯನಾಗಿ ಬರುತ್ತೇನೆ. ಆದರೆ ಫುಟ್‌ಬಾಲಿನ ಮಾತು ಬೇಡ. ದಯವಿಟ್ಟು."

"ಆಯಿತು, ಆಯಿತು" ಅಂದ ಶಿವಬಸಪ್ಪ. ಗೆದ್ದೆ ಎಂಬ ಉಬ್ಬಿನಲ್ಲಿ ಅಂದ. ತನ್ನ ಹೊಗಳಿಕೆ ಕೇಳುವುದು ಯಾರಿಗೆ ನಿಜವಾಗಿ ಬೇಡವಾಗಿರುತ್ತದೆ?

ನವೆಂಬರಿನ ಎರಡನೇ ಶನಿವಾರ, ಬಾಥೆಲ್‌ನ ಒಂದು ಶಾಲೆಯ ಸಭಾಂಗಣ. ನಾಡಗೀತೆ ಆಯಿತು, ಮಕ್ಕಳ ಕೋಲಾಟ ಆಯಿತು. ಕಪ್ಪು ಸೂಟು ಹಾಕಿಕೊಂಡು ಬಂದಿದ್ದ ಯಾಸುಮುರಾನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮಗಳು ಸಾಯೊಗೆ ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ಬಂದಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿ ಹಣ್ಣಿನ ಬುಟ್ಟಿ ಕೈಗಿಟ್ಟರು. ಯಾಸುಮುರಾ ಎಲ್ಲರಿಗೂ ಬಗ್ಗಿ, ಚಿಕ್ಕ ಮಕ್ಕಳಂತೆ ಮುಗುಳ್ನಕ್ಕ. ಶಿವಬಸಪ್ಪ ಮೈಕು ಹಿಡಿದ. ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಿದ. ಒಂಬತ್ತು ಇಂಚಿನ ಕಥೆ ಹೇಳಿದ, ರೊಟ್ಟಿ ಚಟ್ನಿಯ ಕಥೆ ಹೇಳಿ ನಗಿಸಿದ. ನನ್ನ ಗೆಳೆಯ, ನನ್ನ ಗೆಳೆಯ ಎಂದು ಎಷ್ಟು ಸಲ ಅಂದನೋ. ಆಮೇಲೆ, "ಈಗ ನೋಡ್ರಿ ಇವರ ಗೋಲು!" ಅಂದ.

ದೀಪ ಆರಿಸಿದರು. ಗೋಡೆಯಗಲ ಪರದೆಯ ಮೇಲೆ ಹಳದಿ ಅಂಗಿಯ ಹುಡುಗ ಓಡಿದ. ಚೆಂಡು ಬಲೆಗೆ ಬಿದ್ದ ಕೂಡಲೇ ಮುನ್ನೂರು ಜನ ಶಿಳ್ಳೆ ಹಾಕಿದರು. "ಒನ್ಸ್ ಮೋರ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮತ್ತೆ ಹಾಕಿದರು. "ಒನ್ಸ್ ಮೋರ್!" ಮತ್ತೆ ಹಾಕಿದರು.

ಮೊದಲನೇ ಸಲಕ್ಕೇ ಯಾಸುಮುರಾ ಎದ್ದು ನಿಂತಿದ್ದ. ಜನರಿಗೆ ಬೆನ್ನು ಮಾಡಿ, ಪರದೆಯ ಕಡೆ ತಿರುಗಿ, ಸೊಂಟದಿಂದ ಬಗ್ಗಿದ. ಬಗ್ಗಿದವನು ಏಳಲಿಲ್ಲ. ನಮಸ್ಕಾರ ಮಾಡುತ್ತಿದ್ದಾನೆ ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಪೇಟ ತಲೆಯಿಂದ ಜಾರಿ ಉರುಳಿತು. ಅದನ್ನು ಎತ್ತಿಕೊಳ್ಳಲು ಶಿವಬಸಪ್ಪ ಮಂಡಿಯೂರಿದ. ಕೆಳಗಿನಿಂದ ಮೇಲೆ ನೋಡಿದ. ಬಗ್ಗಿದ ಆ ಮುಖ ಅವನ ಮುಖಕ್ಕೆ ಒಂದು ಮೊಳ ದೂರದಲ್ಲಿತ್ತು. ಕಣ್ಣು ಮುಚ್ಚಿತ್ತು. ಬಾಯಿ ಏನನ್ನೋ ಒಂದೇ ಸಮನೆ ಹೇಳುತ್ತಿತ್ತು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಕಾಕದಲ್ಲಿ ಹೆಣದ ಮುಂದೆ ಕೂತ ಮಂದಿಯ ಮುಖವನ್ನು ಶಿವಬಸಪ್ಪ ಕಂಡವನು. ಇದೂ ಅದೇ ಮುಖ.

"ಬಂದ್ ಮಾಡ್ರಿ! ಬಂದ್ ಮಾಡ್ರೋ ಅದನ್ನ!" ಎಂದು ಒದರಿದ. ಅಷ್ಟೊತ್ತಿಗೆ ನಾಲ್ಕನೇ ಸಲ ಚೆಂಡು ಬಲೆಗೆ ಬಿದ್ದಿತ್ತು.

ಯಾಸುಮುರಾ ನೆಟ್ಟಗಾಗಿ ಹಾರ ತೆಗೆದ. ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಶಿವಬಸಪ್ಪನಿಗೂ ಬಗ್ಗಿ ನಮಸ್ಕರಿಸಿ, ಹಿಂಬಾಗಿಲಿನಿಂದ ಹೋದ. ಶಿವಬಸಪ್ಪ ಕಾರಿನ ಕೀಲಿ ಹುಡುಕಿ ಹೊರಗೆ ಓಡಿ ಬರುವುದರಲ್ಲಿ ಅವನು ಮಳೆಯಲ್ಲಿ ನಡೆದೇ ಹೋಗಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದರೆ ಬಾಗಿಲಿಗೆ ಸಾಯೊ ಬಂದಳು. ಒಳಗೆ ಕರೆಯಲಿಲ್ಲ. ಸಣ್ಣ ದನಿಯಲ್ಲಿ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು.

"ಆ ವಿಡಿಯೋ ಯಾಕೆ ಅಲ್ಲಿಗೆ ನಿಲ್ಲುತ್ತದೆ ಗೊತ್ತೇ ನಿಮಗೆ? ಗೋಲ್‌ಕೀಪರ್ ಮತ್ತೆ ಏಳಲಿಲ್ಲ. ಅಪ್ಪನ ಮೊಣಕಾಲು ಅವನ ತಲೆಗೆ ಬಡಿದಿತ್ತು. ಮೂರನೇ ದಿನ ಸತ್ತ. ಇಪ್ಪತ್ತಮೂರು ವರ್ಷ. ಅದು ಎಂಬತ್ತೈದನೇ ಇಸವಿ. ಅಪ್ಪ ಆಟ ಬಿಟ್ಟರು. ಪ್ರತಿ ವರ್ಷ ಆ ದಿನ ಹೋಗಿ ಅವನ ತಾಯಿಯ ಬಾಗಿಲ ಮುಂದೆ ಕೂರುತ್ತಿದ್ದರು. ಪತ್ರಿಕೆಯವರಿಗೆ ಗೊತ್ತಾಯಿತು. ಟಿ.ವಿ. ಬಂತು. ಎಂಥ ಒಳ್ಳೆಯ ಮನುಷ್ಯ ಎಂದು ಇಡೀ ದೇಶ ಅತ್ತಿತು. ಆಡುವಾಗ ಇಲ್ಲದ ಹೆಸರು ಆಗ ಬಂತು. ಬೀದಿಯಲ್ಲಿ ಹೋದರೆ ಕೈ ಮುಗಿಯುವವರು, ಮಕ್ಕಳನ್ನು ಎತ್ತಿ ತೋರಿಸುವವರು. ಒಂದು ದಿನ ಆ ತಾಯಿ ಅಪ್ಪನನ್ನು ಒಳಗೆ ಕರೆದಳು. 'ನಿನ್ನನ್ನು ಕ್ಷಮಿಸಿ ಬಹಳ ವರ್ಷ ಆಯಿತು. ಆದರೆ ನಿನ್ನನ್ನು ಹೊಗಳಬೇಕಾದಾಗಲೆಲ್ಲ ಅವರು ಆ ಗೋಲು ತೋರಿಸುತ್ತಾರೆ. ನನ್ನ ಮಗ ಅಷ್ಟು ಸಲ ಸಾಯುತ್ತಾನೆ. ಯಾರಿಗೂ ಕಾಣದಂತೆ ಇರು' ಅಂದಳು. ಅಪ್ಪ ಮಾತು ಕೊಟ್ಟರು. ಅದಕ್ಕೇ ಇಲ್ಲಿಗೆ ಬಂದರು. ಆ ತಾಯಿ ಇನ್ನೂ ಬದುಕಿದ್ದಾಳೆ. ತೊಂಬತ್ತೊಂದು ವರ್ಷ."

ಶಿವಬಸಪ್ಪ ಕಾರಿನಲ್ಲಿ ಕೂತು ವಿಡಿಯೋ ಹಾಕಿದ. ಹತ್ತಾರು ಸಲ ನೋಡಿದ್ದನಲ್ಲ, ಪ್ರತಿ ಸಲವೂ ಚೆಂಡನ್ನೇ ನೋಡಿದ್ದ. ಆಡಿದ ಕಣ್ಣು ಚೆಂಡು ಬಿಟ್ಟು ಬೇರೆ ನೋಡುವುದಿಲ್ಲ. ಈಗ ಗೋಲ್‌ಕೀಪರನನ್ನು ನೋಡಿದ. ಕೊನೆಯ ಒಂದು ಸೆಕೆಂಡಿನಲ್ಲಿ, ಪರದೆಯ ಎಡ ಮೂಲೆಯಲ್ಲಿ, ಅವನ ಕೈ ಮೇಲೆದ್ದು ಚೀಲದಂತೆ ಕುಸಿಯುತ್ತಿತ್ತು. ಹಳದಿ ಅಂಗಿಯ ಹುಡುಗ ಅದನ್ನು ಕಾಣದೆ, ಎರಡೂ ಕೈ ಎತ್ತಿ, ನಗುತ್ತ ಓಡುತ್ತಿದ್ದ.

ಶಿವಬಸಪ್ಪನಿಗೆ ಮೊದಲು ನೆನಪಾದದ್ದು ಪ್ರಶಾಂತ. ಸನ್ಮಾನದ ವಿಡಿಯೋವನ್ನು ಅವನು ಹಿಂದಿನ ಸಂಜೆಯೇ ಕೂಟದ ಪುಟದಲ್ಲಿ ಹಾಕಿದ್ದ. ಫೋನು ಮಾಡಿದ.

"ಪ್ರಶಾಂತ, ಅದನ್ನ ತಗೀರಿ. ಈಗಿಂದೀಗ ತಗೀರಿ."

"ಏನ್ ಮಾಸ್ತರ್ ಹೀಗಂತೀರಿ! ಹನ್ನೊಂದು ಸಾವಿರ ವ್ಯೂಸ್ ಬಂದಿದೆ. ಜಪಾನಿಂದ ಮೆಸೇಜ್ ಮೇಲೆ ಮೆಸೇಜ್. ನಮ್ಮ ಕೂಟದ ಹೆಸರು ಟೋಕಿಯೋವರೆಗೆ ಹೋಗಿದೆ, ನಿಮ್ಮಿಂದಾನೇ!"

ಶಿವಬಸಪ್ಪ ಕಥೆಯನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿ, ಬಾಯಿಗೆ ಬಂದ ಬೈಗುಳವೂ ಬಂತು. ಪ್ರಶಾಂತ ಕೆಟ್ಟವನೇನಲ್ಲ. "ಅಯ್ಯೋ, ನನಗೇನ್ ಗೊತ್ತಿತ್ತು ಸರ್. ಬೈಬೇಡಿ, ತೆಗೀತೀನಿ" ಎಂದು ತೆಗೆದ. ಆದರೆ ಹನ್ನೊಂದು ಸಾವಿರ ಜನರಲ್ಲಿ ಎಷ್ಟು ಜನ ಅದನ್ನು ಇಳಿಸಿಟ್ಟುಕೊಂಡಿದ್ದರೋ. ಪೇಟ ತೊಟ್ಟ ಯಾಸುಮುರಾ, ಬಗ್ಗಿದವನು ಏಳದೆ ನಿಂತ ಯಾಸುಮುರಾ, ಎದುರಿಗೆ ದೊಡ್ಡ ಪರದೆಯ ಮೇಲೆ ಆ ಗೋಲು. ಒಂದೇ ವಾರದಲ್ಲಿ ಜಪಾನಿನ ಟಿ.ವಿ.ಯಲ್ಲೂ ಬಂತು ಎಂದು ಸ್ವಪ್ನಾಳ ಆಫೀಸಿನ ಜಪಾನೀ ಹುಡುಗಿ ಹೇಳಿದಳು. ಕೆನ್ಮೋರಿನ ಆ ಬೀದಿಯಲ್ಲಿ ಗುರುತಿಲ್ಲದ ಕಾರುಗಳು ನಿಲ್ಲತೊಡಗಿದವು. ಮನೆಯ ಮೆಟ್ಟಿಲ ಮೇಲೆ ಯಾರೋ ಹೂವಿಟ್ಟು ಹೋಗುತ್ತಿದ್ದರು.

ಯಾಸುಮುರಾ ಬೆಂಚಿಗೆ ಬರುವುದು ನಿಂತಿತು. ಶಿವಬಸಪ್ಪ ಒಂಬತ್ತು ದಿನ ಕಾದ. ಹತ್ತನೇ ದಿನ ಹೋಗಿ ಬಾಗಿಲು ಬಡಿದ. ಈ ಸಲ ಯಾಸುಮುರಾನೇ ತೆರೆದ. ಒಳಗೆ ಪೆಟ್ಟಿಗೆಗಳು ಕಟ್ಟಿದ್ದವು.

ಶಿವಬಸಪ್ಪನಿಗೆ ಕ್ಷಮೆ ಕೇಳಿ ರೂಢಿಯಿರಲಿಲ್ಲ. ಜಗಳ ಮಾಡಿ ರೂಢಿ. "ನೀವು ಬೇಡ ಅಂದಿರಿ. ಮೂರು ಸಲ ಅಂದಿರಿ. ನಾನು ಮಾತು ಕೊಟ್ಟು ತಪ್ಪಿದೆ. ನನ್ನನ್ನು ಬೈಯಿರಿ. ಹೊಡೆಯಿರಿ ಬೇಕಾದರೆ" ಅಂದ.

ಯಾಸುಮುರಾ ಬಗ್ಗಿದ. "ನಿಮಗೆ ತೊಂದರೆ ಕೊಟ್ಟೆ" ಅಂದ.

"ನೀವು ನನಗೆ ತೊಂದರೆ ಕೊಟ್ಟಿರಾ?" ಶಿವಬಸಪ್ಪ ಬೀದಿಗೆ ಕೇಳುವಂತೆ ಕೂಗಿದ. "ಬೈಯಿರಿ ಅಂದೆನಲ್ಲ! ಮನುಷ್ಯರ ಹಾಗೆ ಒಂದು ಸಲ ಬೈಯಬಾರದೇ?"

ಯಾಸುಮುರಾ ಸಿಟ್ಟಾಗಲಿಲ್ಲ. ಆ ಹೊತ್ತಿನಲ್ಲಿ ನಗಲೂ ಇಲ್ಲ. ಒಳಗೆ ಕರೆದು ಪೆಟ್ಟಿಗೆಯೊಂದರ ಮೇಲೆ ಕೂರಿಸಿ, ಬಟ್ಟಲಲ್ಲಿ ಚಹಾ ಕೊಟ್ಟ. ಎದುರು ಕೂತು, "ಎರಡೂವರೆ ವರ್ಷ ನಾನು ಬರೀ ಒಬ್ಬ ಮುದುಕನಾಗಿದ್ದೆ. ಬೆಂಚಿನ ಮೇಲೆ ಕೂತ ಮುದುಕ. ಚೆನ್ನಾಗಿತ್ತು" ಅಂದ. ಅದಕ್ಕಿಂತ ಅವನು ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೆ ಹಗುರಾಗುತ್ತಿತ್ತು. ಶಿವಬಸಪ್ಪ ಬಟ್ಟಲನ್ನು ಕೆಳಗಿಟ್ಟು, ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತಾಗಲೂ ಹಾಗೆ ಅತ್ತವನಲ್ಲ.

ಹೊರಡುವಾಗ ಯಾಸುಮುರಾ ತಾನು ಹೋಗುವ ಊರಿನ ಹೆಸರು ಹೇಳಿದ. ಶಿವಬಸಪ್ಪ ಕೇಳಿರಲಿಲ್ಲ, ತಾನಾಗಿ ಹೇಳಿದ. ಆ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಅಮೆರಿಕದ್ದೇ ಒಂದು ಸಣ್ಣ ಊರು, ಅಷ್ಟೇ. "ಮಗಳು, ನೀವು, ಇಬ್ಬರಿಗೇ ಗೊತ್ತು. ಎಂದಾದರೂ ರೊಟ್ಟಿ ತನ್ನಿ" ಅಂದ. ಶಿವಬಸಪ್ಪ ಹೂಂ ಅಂದ. ಮನೆಗೆ ಬಂದು ಸ್ವಪ್ನಾಳಿಗೆ ಅಷ್ಟನ್ನೂ ಹೇಳಿದ, ಊರಿನ ಹೆಸರೊಂದನ್ನು ಬಿಟ್ಟು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವನು ಗೋಲಿನ ಹರಿದ ಬಲೆಯನ್ನು ಹೊಲಿಯುತ್ತಿದ್ದಾಗ ಪ್ರಶಾಂತನ ಕಾರು ಬಂದು ನಿಂತಿತು. ಹಿಂದೆ ಇನ್ನೊಂದು ಗಾಡಿ. ಅದರಿಂದ ಮೂವರು ಜಪಾನಿನವರು ಇಳಿದರು. ಒಬ್ಬನ ಹೆಗಲ ಮೇಲೆ ಕ್ಯಾಮೆರಾ, ಒಬ್ಬಳು ಮಾತು ಅನುವಾದಿಸುವವಳು.

"ನೋಡಿ, ಇವರೇ" ಎಂದ ಪ್ರಶಾಂತ. ಆಮೇಲೆ ಕನ್ನಡದಲ್ಲಿ, "ಮಾಸ್ತರ್, ಇವರು ಗೋಲು ತೋರಿಸಲ್ವಂತೆ, ನಾನೇ ಕೇಳಿ ಗ್ಯಾರಂಟಿ ಮಾಡ್ಕೊಂಡಿದೀನಿ. ಎರಡು ಮಾತು ಕೇಳಿ ಹೋಗ್ತಾರೆ. ಅವರೆಲ್ಲಿದಾರೆ ಅಂತ ನಿಮಗೆ ಮಾತ್ರ ಗೊತ್ತಿರ್ಬೇಕು, ಅಲ್ವಾ?"

ಅನುವಾದದವಳು ಬಗ್ಗಿ ಕೇಳಿದಳು: "ಯಾಸುಮುರಾ ಅವರು ನಿಮ್ಮ ಆಪ್ತ ಗೆಳೆಯರಂತೆ. ಈಗ ಎಲ್ಲಿದ್ದಾರೆ? ಇಡೀ ಜಪಾನು ಅವರನ್ನು ನೋಡಲು ಕಾದಿದೆ."

ಶಿವಬಸಪ್ಪ ಸೂಜಿಯಿಂದ ಕಣ್ಣೆತ್ತಲಿಲ್ಲ. ಏನು ಹೇಳಿದರೂ ತಪ್ಪು. ಹೇಳುವುದಿಲ್ಲ ಅಂದರೆ, ಗೊತ್ತಿದೆ ಎಂದಂತೆ. ಇಂದು ಹೋದವರು ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ, ಅವನು ಕಾರು ತೆಗೆದ ದಿನ ಹಿಂದೆಯೇ ಬರುತ್ತಾರೆ. ಬಾಯಿಗೆ ಬಂದ ಸಿಟ್ಟನ್ನು ನುಂಗಿದ. ಅದು ಅವನ ಜನ್ಮದಲ್ಲೇ ಮೊದಲು.

"ಅವರು ನನಗೆ ಗೊತ್ತಿಲ್ಲ" ಅಂದ.

ಪ್ರಶಾಂತ ಬಾಯಿ ಬಿಟ್ಟ. "ಏನ್ರೀ ಇದು? ಸ್ಟೇಜ್ ಮೇಲೆ ಇಪ್ಪತ್ತು ನಿಮಿಷ ಗೆಳೆಯ, ಗೆಳೆಯ ಅಂತ ಹೇಳಿದ್ರಲ್ಲ!"

"ಬಡಾಯಿ ಹೊಡದೆ" ಎಂದ ಶಿವಬಸಪ್ಪ. ಆಮೇಲೆ ಅದನ್ನೇ ಕ್ಯಾಮೆರಾದ ಕಡೆ ತಿರುಗಿ, ತನ್ನ ಕುಂಟು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. "ನಾನು ಸುಳ್ಳು ಹೇಳಿದ್ದೆ. ಇಲ್ಲಿ ಎರಡು ಸಲ ಕಂಡಿದ್ದರು, ಅಷ್ಟೇ. ನಮ್ಮ ಜನರ ಮುಂದೆ ದೊಡ್ಡವನಾಗಬೇಕಿತ್ತು. ಅದಕ್ಕೇ ಗೆಳೆಯ ಅಂದೆ. ಅವರಂಥವರು ನನ್ನಂಥವನಿಗೆ ಯಾಕೆ ಗೆಳೆಯರಾಗುತ್ತಾರೆ?"

ಕೊನೆಯ ಮಾತನ್ನು ಅವರು ಕೂಡಲೇ ನಂಬಿದರು. ಮಣ್ಣು ಹತ್ತಿದ ಬೂಟು, ಬಣ್ಣ ಮೆತ್ತಿದ ಪ್ಯಾಂಟು, ಕೈಯಲ್ಲಿ ಹರಿದ ಬಲೆ. ನಂಬದೆ ಏನು ಮಾಡುತ್ತಾರೆ? ಕ್ಯಾಮೆರಾದವನು ಅದನ್ನು ಕೆಳಗಿಳಿಸಿದ. ಪ್ರಶಾಂತನ ಮುಖ ಕೆಂಪಾಯಿತು. "ಟಿ.ವಿ.ಯವರ ಮುಂದೆ ನಮ್ಮೆಲ್ಲರ ಮರ್ಯಾದೆ ತೆಗೆದ್ರಿ" ಎಂದು ಹಲ್ಲು ಕಚ್ಚಿ ಅಂದು ಕಾರು ಹತ್ತಿದ. ಎರಡೂ ಗಾಡಿ ಹೋದ ಮೇಲೆ ಶಿವಬಸಪ್ಪ ಬಹಳ ಹೊತ್ತು ಬಲೆಯ ಒಂದೇ ಕಣ್ಣಿಗೆ ಸೂಜಿ ಚುಚ್ಚುತ್ತ ನಿಂತಿದ್ದ.

ಅವನು ಆ ಊರಿಗೆ ಹೋಗಲಿಲ್ಲ. ಯಾರು ಹಿಂದೆ ಬಿದ್ದಾರೋ ಎಂದು ಕಾಗದ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಅಲ್ಲಿಂದಲೂ ಏನೂ ಬರಲಿಲ್ಲ.

ಯುಗಾದಿಗೆ ಸ್ವಪ್ನಾ ಒತ್ತಾಯ ಮಾಡಿ ಕೂಟಕ್ಕೆ ಕರೆದುಕೊಂಡು ಹೋದಳು. ಊಟದ ಮೇಜಿನಲ್ಲಿ, ಎದುರಿನ ಸಾಲಿನಿಂದ ವಿನಯ ಎಂಬ ಎಳೆಯ ಎಂಜಿನಿಯರ್ ಕೂಗಿ ಕೇಳಿದ: "ಮಾಸ್ತರ್, ಮುಂದಿನ ರಾಜ್ಯೋತ್ಸವಕ್ಕೆ ಯಾರನ್ನ ಕರೀತೀರಿ? ಬ್ರೆಜಿಲ್‌ನಲ್ಲೂ ನಿಮ್ಮ ಜೀವದ ಗೆಳೆಯರು ಯಾರಾದ್ರೂ ಇರ್ಬೇಕಲ್ಲ?"

ಮೇಜಿಗೆ ಮೇಜೇ ನಕ್ಕಿತು. ಸ್ವಪ್ನಾಳ ಕಣ್ಣು ತುಂಬಿದವು. "ನಿಮಗೇನ ಗೊತ್ತೈತಿ ಇವರ ವಿಷಯ" ಎಂದು ಎದ್ದು ನಿಲ್ಲಲು ಹೊರಟಳು. ಶಿವಬಸಪ್ಪ ಮೇಜಿನ ಕೆಳಗೆ ಅವಳ ಮುಂಗೈ ಹಿಡಿದು ಕೂರಿಸಿದ.

"ಉಣ್ಣು" ಅಂದ. ತಾನೂ ತಲೆ ತಗ್ಗಿಸಿ, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ.